ತೋಟದವರ ಬಿಡುವಿಗೆ ಯಾವ ಕಡಲು? ಮಾಫುಶಿ, ಕ್ರಾಬಿ, ಟ್ರಿಂಕೋಮಲಿ: ಒಂದು ಹೋಲಿಕೆ

ಪ್ರವಾಸದ ಏಜೆಂಟರನ್ನು ಕೇಳಿದರೆ ಮಾಲ್ಡೀವ್ಸ್, ಥಾಯ್ಲೆಂಡ್, ಶ್ರೀಲಂಕಾಗಳ ಕಡಲತೀರಕ್ಕೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಕಾಲವೇ ಪ್ರಶಸ್ತವೆನ್ನುತ್ತಾರೆ. ಸಕಲೇಶಪುರದ ಸುತ್ತಮುತ್ತಲಿನ ಕಾಫಿ ತೋಟದವರಿಗೆ ಆ ತಿಂಗಳುಗಳಲ್ಲಿ ಹಾಸನಕ್ಕೆ ಹೋಗಿಬರುವುದೇ ಕಷ್ಟ. ನವೆಂಬರಿನಲ್ಲಿ ಹಿಡಿದ ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಅದರ ಬೆನ್ನಿಗೆ ಮೆಣಸು, ಸ್ಪ್ರಿಂಕ್ಲರ್, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ಕೆಲಸ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತೋಟವನ್ನು ರೈಟರ (ತೋಟದ ಮೇಲ್ವಿಚಾರಕರ) ಕೈಗೆ ಬಿಟ್ಟು ಹೊರಡಬಹುದಾದದ್ದು ಮೆಣಸು ಒಣಗಿ ಚೀಲ ಸೇರಿದ ಮೇಲೆ, ಮುಂಗಾರಿಗೆ ಮುಂಚಿನ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ. ಅದು ತಪ್ಪಿದರೆ ಮಳೆ ತಗ್ಗಿ ಕೊಯ್ಲು ಇನ್ನೂ ಶುರುವಾಗದ ಸೆಪ್ಟೆಂಬರಿನಲ್ಲಿ. ಈ ಎರಡು ಬಿಡುವುಗಳಲ್ಲೇ ನಾವು ಮೂರು ಕಡಲತೀರಗಳನ್ನು ಕಂಡು ಬಂದಿದ್ದೇವೆ. ಮಾಲ್ಡೀವ್ಸ್‌ನ ಮಾಫುಶಿಗೆ ಏಪ್ರಿಲ್ ಕೊನೆಯಲ್ಲಿ, ಥಾಯ್ಲೆಂಡಿನ ಕ್ರಾಬಿಗೆ ಮೇ ತಿಂಗಳಲ್ಲಿ, ಶ್ರೀಲಂಕಾದ ಟ್ರಿಂಕೋಮಲಿಗೆ ಸೆಪ್ಟೆಂಬರಿನಲ್ಲಿ ಹೋಗಿದ್ದೆವು. ಡಿಸೆಂಬರಿನಲ್ಲಿ ಹೋಗಬಲ್ಲವರಿಗೆ ನನ್ನ ತೀರ್ಮಾನ ಹೊಂದಲಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮಿಬ್ಬರ ಬೇಡಿಕೆಗಳೂ ಬೇರೆ ಬೇರೆ. ನಮ್ಮ ಮನೆಯವರಿಗೆ ನೆರಳು, ಒಂದು ಒರಗು ಕುರ್ಚಿ, ಫೋನ್ ಸಿಗ್ನಲ್ ಸಿಗದಷ್ಟು ದೂರ, ಸಂಜೆಗೊಂದು ಪೆಗ್ ಇದ್ದರೆ ಸಾಕು. ಅವರಿಗೆ ಈಜು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ತೋಟದ ಕೆರೆಯಲ್ಲಿ ಈಜು ಕಲಿತ ನನಗೆ ನೀರಿನೊಳಗೆ ಏನಿದೆಯೆಂದು ನೋಡದೆ ದಡದಲ್ಲಿ ಕುಳಿತಿರಲು ಆಗುವುದಿಲ್ಲ. ಆದ್ದರಿಂದ ಒಂದೇ ಊರಿನಲ್ಲಿ ವಿಶ್ರಾಂತಿಯೂ ಸಾಹಸವೂ ಎಷ್ಟು ಹತ್ತಿರ ಹತ್ತಿರ ಸಿಗುತ್ತವೆ ಎಂಬುದೇ ನನ್ನ ಅಳತೆಗೋಲು.

ತಲುಪುವ ಸುಲಭದಲ್ಲಿ ಮಾಫುಶಿಗೆ ಸಾಟಿಯಿಲ್ಲ. ಬೆಂಗಳೂರಿನಿಂದ ಮಾಲೆಗೆ ಸುಮಾರು ಎರಡು ಗಂಟೆಯ ಹಾರಾಟ. ವಿಮಾನ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ಜೆಟ್ಟಿ, ಅಲ್ಲಿಂದ ಸ್ಪೀಡ್‌ಬೋಟಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಸಕಲೇಶಪುರದಿಂದ ಚನ್ನರಾಯಪಟ್ಟಣ, ಕುಣಿಗಲ್ ದಾಟಿ ದೇವನಹಳ್ಳಿ ಮುಟ್ಟಲು ಹಿಡಿಯುವ ಹೊತ್ತಿಗಿಂತ ಅದು ಬಹಳ ಕಡಿಮೆ. ಹೊರಡುವ ಮುಂಚಿನ 96 ಗಂಟೆಗಳೊಳಗೆ ‘ಇಮುಗಾ’ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು; ವೀಸಾ ಇಳಿದ ಮೇಲೆ ಉಚಿತವಾಗಿಯೇ ಸಿಗುತ್ತದೆ. ಮಾಲ್ಡೀವ್ಸ್ ಎಂದರೆ ನೀರಿನ ಮೇಲೆ ಕಟ್ಟಿದ ದುಬಾರಿ ರೆಸಾರ್ಟು ಎಂದೇ ನಮ್ಮಲ್ಲಿ ಅನೇಕರ ಎಣಿಕೆ. 2009ರ ನಂತರ ಸ್ಥಳೀಯರು ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅನುಮತಿ ಸಿಕ್ಕಿದ್ದರಿಂದ ನಮ್ಮಂಥವರಿಗೂ ಅದು ಕೈಗೆಟುಕುವಂತಾಗಿದೆ. ಹಾಗೆಂದು ಅಗ್ಗವೇನಲ್ಲ. ದೋಣಿ, ಸ್ನಾರ್ಕೆಲಿಂಗ್ (ಮುಖವಾಡ, ಉಸಿರಿನ ನಳಿಗೆ ತೊಟ್ಟು ನೀರಿನೊಳಗೆ ನೋಡುವುದು), ಊಟ ಎಲ್ಲದರ ಲೆಕ್ಕವೂ ಡಾಲರಿನಲ್ಲಿ. ಅದರ ಮೇಲೆ ಹಸಿರು ತೆರಿಗೆ ಬೇರೆ. 2025ರಿಂದ ಸಣ್ಣ ಗೆಸ್ಟ್‌ಹೌಸುಗಳಲ್ಲಿ ತಲೆಗೆ ರಾತ್ರಿಯೊಂದಕ್ಕೆ 6 ಡಾಲರ್, ರೆಸಾರ್ಟುಗಳಲ್ಲಿ 12 ಡಾಲರ್.

ವಿಶ್ರಾಂತಿಗೆ ಆ ದ್ವೀಪ ಹೇಳಿಮಾಡಿಸಿದ್ದು, ಆದರೆ ಎರಡು ದಿನದ ಮಟ್ಟಿಗೆ. ಉದ್ದ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ; ನಿಧಾನವಾಗಿ ನಡೆದರೂ ಗಂಟೆಯೊಳಗೆ ಇಡೀ ಊರನ್ನು ಸುತ್ತಿ ಬರಬಹುದು. ಮೂರನೆಯ ಬೆಳಿಗ್ಗೆ ನಮ್ಮ ಮನೆಯವರು ತಾವಾಗಿಯೇ ಫೋನ್ ಕೈಗೆತ್ತಿಕೊಂಡು ರೈಟರಿಗೆ ಮರಗಸಿಯ (ನೆರಳಿನ ಮರಗಳ ಕೊಂಬೆ ಸವರುವ) ವಿಚಾರ ಕೇಳತೊಡಗಿದರು. ಮದ್ಯ ಅಲ್ಲಿ ನಿಷಿದ್ಧ. ಬೇಕಾದವರು ದೂರದಲ್ಲಿ ಲಂಗರು ಹಾಕಿದ ಹಡಗಿಗೆ ದೋಣಿಯಲ್ಲಿ ಹೋಗಬೇಕು, ಆ ಉಸಾಬರಿ ಬೇಡವೆಂದು ಅವರು ಬಿಟ್ಟರು. ಊಟವೂ ಅವರಿಗೆ ತೊಡಕಾಯಿತು. ಸೋಮವಾರ ಅವರು ಮೀನು ಮಾಂಸ ಮುಟ್ಟುವುದಿಲ್ಲ. ಅಲ್ಲಿ ಬೆಳಗಿನ ತಿಂಡಿಯಾದ ಮಸ್ ಹುನಿಯೇ ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿಗಳ ಕಲಸು. ನನಗೆ ಅದು ಬಹಳ ಹಿಡಿಸಿತು, ಅವರಿಗೆ ಬರಿಯ ರೊಟ್ಟಿ.

ಒಂದು ಮಾತನ್ನು ಮಾತ್ರ ಮಾಫುಶಿಯ ಪರವಾಗಿ ಒತ್ತಿ ಹೇಳಬೇಕು. ಬಿಕಿನಿಗೆಂದು ಬೇಲಿ ಹಾಕಿ ಬೇರ್ಪಡಿಸಿದ ತೀರ ಒಂದೆಡೆಯಾದರೆ, ಉಳಿದ ಕಡೆ ಮೈಮುಚ್ಚುವ ಬಟ್ಟೆ ತೊಡಬೇಕೆಂಬ ನಿಯಮವಿದೆ. ಅಲ್ಲಿನ ಹೆಂಗಸರು ಉದ್ದ ತೋಳಿನ ಬಟ್ಟೆಯಲ್ಲೇ ಮಕ್ಕಳೊಂದಿಗೆ ನೀರಿಗಿಳಿಯುತ್ತಾರೆ. ಪೂರ್ತಿ ತೋಳಿನ ಈಜುಡುಗೆ ತೊಟ್ಟ ನಾನು ಅವರ ನಡುವೆ ಎಷ್ಟು ನಿರಾಳವಾಗಿದ್ದೆನೋ ಅಷ್ಟು ನಿರಾಳ ಕ್ರಾಬಿಯಲ್ಲಿ ನನಗೆ ಸಿಗಲಿಲ್ಲ. ನೀರಿನ ತಿಳಿಯಲ್ಲೂ ಮೂರರಲ್ಲಿ ಇದೇ ಮೇಲು. ಆದರೆ ಕಡಲಿನ ಬಿಸಿ ಹೆಚ್ಚಿ 1998ರಲ್ಲಿ ಮತ್ತು 2016ರಲ್ಲಿ ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತಿತ್ತು. ಮೀನುಗಳ ಬಣ್ಣ ಕಣ್ಣು ಕೋರೈಸುತ್ತದೆ, ಅವು ಓಡಾಡುವ ಹವಳದ ದಿಬ್ಬ ಎಷ್ಟೋ ಕಡೆ ಬೂದಿಯ ಬಣ್ಣದ್ದು. ಆಮೆ, ನರ್ಸ್ ಶಾರ್ಕ್, ಡಾಲ್ಫಿನ್ ನೋಡಲು ದೂರದ ನೀರಿಗೇ ಹೋಗಬೇಕು. ನಾನು ದಿನವಿಡೀ ದೋಣಿಯಲ್ಲಿ, ಅವರು ದಿನವಿಡೀ ಕುರ್ಚಿಯಲ್ಲಿ. ಸಂಜೆ ಊಟದ ಮೇಜಿನಲ್ಲಿ ಭೇಟಿ.

ಸಾಹಸವೊಂದನ್ನೇ ತೂಗುವುದಾದರೆ ಕ್ರಾಬಿಯ ತಟ್ಟೆ ಕೆಳಗಿಳಿಯುತ್ತದೆ. ನಾವು ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ಹೋದೆವು, ದಾರಿಯಲ್ಲೇ ಒಂದು ಹಗಲು ಕಳೆಯಿತು. ಕ್ರಾಬಿಯ ಆವೊ ನಾಂಗ್ ಪೇಟೆಯಿಂದ ರೈಲೇ ತೀರಕ್ಕೆ ರಸ್ತೆಯೇ ಇಲ್ಲ. ಸುಣ್ಣಕಲ್ಲಿನ ಬಂಡೆಗಳು ಗೋಡೆಯಂತೆ ಅಡ್ಡ ನಿಂತಿರುವುದರಿಂದ ಉದ್ದ ಬಾಲದ ದೋಣಿಯೊಂದೇ ಗತಿ. ಪಶ್ಚಿಮದ ತೀರದಲ್ಲಿ ದೋಣಿಯವನು ಮೊಣಕಾಲುದ್ದದ ನೀರಿನಲ್ಲಿ ನಿಲ್ಲಿಸುತ್ತಾನೆ. ಪ್ಯಾಂಟು ಮಡಚಿ, ಚಪ್ಪಲಿಯನ್ನು ಕಂಕುಳಿಗೆ ಸಿಕ್ಕಿಸಿ, ಸೂಟ್‌ಕೇಸನ್ನು ಹೆಗಲ ಮೇಲೆ ಹೊತ್ತು ದಡ ಸೇರಿದ ನಮ್ಮ ಮನೆಯವರ ಮುಖ ನೋಡಿದಾಗಲೇ ಈ ಊರು ಅವರದ್ದಲ್ಲ ಎಂದು ನನಗೆ ತಿಳಿಯಿತು. ಚಕ್ರದ ಸೂಟ್‌ಕೇಸಿಗಿಂತ ಬೆನ್ನಿಗೆ ಹಾಕುವ ಚೀಲವೇ ಅಲ್ಲಿಗೆ ಸರಿ.

ರೈಲೇಯ ಬಂಡೆಗಳಲ್ಲಿ ಹತ್ತುವವರಿಗಾಗಿ ಬೋಲ್ಟ್ ಬಡಿದ ನೂರಾರು ಮಾರ್ಗಗಳಿವೆ, ಮೊದಲ ಸಲದವರಿಗೆ ಅರ್ಧ ದಿನದ ಪಾಠವೂ ಇದೆ. ಸೊಂಟಕ್ಕೆ ಪಟ್ಟಿ ಬಿಗಿದು, ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು, ಕೆಳಗೆ ಹಗ್ಗ ಹಿಡಿದ ಹುಡುಗನನ್ನು ನಂಬಿ ಹತ್ತಿದೆ. ತೋಳಿನ ಬಲದಿಂದ ಹತ್ತಹೋದರೆ ಹತ್ತಡಿಗೇ ಕೈ ಸೋಲುತ್ತದೆ. ಕಾಲಿನ ಹೆಬ್ಬೆರಳನ್ನು ಬಂಡೆಯ ಸಂದಿಗೆ ಊರಿ, ಮೊಣಕಾಲಿನಿಂದ ಮೇಲೇಳಬೇಕು. ಮೆಣಸಿನ ಏಣಿ ಹತ್ತಿಳಿದ ಅಭ್ಯಾಸ ಇಲ್ಲಿ ಕೈಹಿಡಿಯಿತು. ಮೇಲಿನಿಂದ ಕಂಡ ಹಸಿರು ನೀರಿನ ನೋಟಕ್ಕೆ ಆ ಇಡೀ ಪ್ರವಾಸದ ಖರ್ಚನ್ನು ಬರೆದುಕೊಂಡರೂ ನನಗೆ ಬೇಸರವಿಲ್ಲ.

ಆದರೆ ಮೇ ತಿಂಗಳು ಅಂಡಮಾನ್ ಕಡಲಿನ ಆ ದಡಕ್ಕೆ ಮಳೆಗಾಲದ ಬಾಗಿಲು. ಮಧ್ಯಾಹ್ನವಾದರೆ ಮೋಡ, ಅಲೆ ಎದ್ದರೆ ತೀರದಲ್ಲಿ ಕೆಂಪು ಬಾವುಟ, ದೋಣಿಗಳು ರದ್ದು. ಇಳಿತದ ಹೊತ್ತಿಗೆ ಟುಪ್ ದ್ವೀಪದ ಬಳಿ ಕಡಲೊಳಗಿನಿಂದ ಮೇಲೇಳುವ ಮರಳಿನ ದಾರಿಯನ್ನು ನೋಡಲು ಒಂದು ದಿನ ಕಾದರೂ ದೋಣಿ ಹೊರಡಲಿಲ್ಲ. ಫಿ ಫಿ ದ್ವೀಪದ ಮಾಯಾ ಕೊಲ್ಲಿಗಂತೂ ಆಸೆ ಇಟ್ಟುಕೊಳ್ಳುವ ಮೊದಲು ನಿಯಮ ಓದಬೇಕು. ಜನದಟ್ಟಣೆಯಿಂದ ಹವಳ ಹಾಳಾಯಿತೆಂದು 2018ರಲ್ಲಿ ಮುಚ್ಚಿ 2022ರ ಜನವರಿಯಲ್ಲಿ ತೆರೆದ ಮೇಲೆ ಅಲ್ಲಿ ಈಜಲು ಬಿಡುವುದಿಲ್ಲ, ಆಗಸ್ಟ್–ಸೆಪ್ಟೆಂಬರಿನಲ್ಲಿ ಪೂರ್ತಿ ಮುಚ್ಚುತ್ತಾರೆ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆಂಜೋನ್‌ನಂಥ ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಿದ್ದಾರೆ, ದಂಡ ಒಂದು ಲಕ್ಷ ಬಾತ್‌ವರೆಗೂ ಹೋಗಬಹುದು. ನಮ್ಮ ಊರಿನ ಅಂಗಡಿಯಲ್ಲಿ ಕೊಂಡ ಟ್ಯೂಬಿನ ಹಿಂಬದಿಯನ್ನು ಹೊರಡುವ ಮೊದಲೇ ಓದಿ. ಮಳೆಯಲ್ಲೂ ಕೈಬಿಡದ ಒಂದು ತಾಣವೆಂದರೆ ಆವೊ ಥಾಲೇನ್. ಕಾಂಡ್ಲಾ ಕಾಡು ಮತ್ತು ಎತ್ತರದ ಬಂಡೆಗಳ ನಡುವಿನ ಆ ಹಿನ್ನೀರಿಗೆ ಅಲೆಯ ಹೊಡೆತವಿಲ್ಲವಾದ್ದರಿಂದ ಇಬ್ಬರು ಕೂರುವ ಕಯಾಕಿನಲ್ಲಿ ನಮ್ಮ ಮನೆಯವರೂ ಹಿಂದೆ ಕುಳಿತರು. ಹುಟ್ಟು ಹಾಕಿದವಳು ನಾನೊಬ್ಬಳೇ ಎಂಬುದು ಬೇರೆ ಮಾತು.

ಟ್ರಿಂಕೋಮಲಿ ನಮ್ಮ ಬಿಡುವಿಗೇ ಹೊಂದುವಂತಿದೆ. ಶ್ರೀಲಂಕಾದ ನೈರುತ್ಯ ದಡದ ಬೆಂಟೋಟ, ಮಿರಿಸ್ಸಗಳು ನಮ್ಮಂತೆಯೇ ಮುಂಗಾರಿನಲ್ಲಿ ತೊಯ್ಯುತ್ತಿರುವಾಗ ಪೂರ್ವದ ದಡ ಒಣಗಿರುತ್ತದೆ, ಕಡಲು ಶಾಂತವಾಗಿರುತ್ತದೆ. ಅಲ್ಲಿಗೆ ಮಳೆ ತರುವುದು ನವೆಂಬರಿನ ನಂತರದ ಈಶಾನ್ಯ ಮಾರುತ, ಅಂದರೆ ನಾವು ಹೇಗೂ ಹೋಗಲಾಗದ ಕಾಲದಲ್ಲಿ. ಕೊರತೆಯಿರುವುದು ದಾರಿಯಲ್ಲಿ. ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯಾದರೆ, ಅಲ್ಲಿಂದ ದಂಬುಲ್ಲ, ಹಬರಣದ ಮೇಲೆ ಸುಮಾರು ಆರು ಗಂಟೆಯ ರಸ್ತೆ ಪ್ರಯಾಣ. ಹಬರಣದ ಬಳಿಯ ಮಿನ್ನೇರಿಯಾ ಕೆರೆಯಂಗಳದಲ್ಲಿ ಆ ತಿಂಗಳುಗಳಲ್ಲಿ ನೂರಾರು ಆನೆಗಳು ಸೇರುತ್ತವೆ. ಆನೆ ನೋಡಲು ದುಡ್ಡು ಕೊಟ್ಟು ಜೀಪು ಹತ್ತುವ ಜನರ ಸಾಲನ್ನು ಕಂಡು ನಮ್ಮ ಮನೆಯವರು, "ನಮ್ಮ ತೋಟಕ್ಕೇ ಬಂದಿದ್ದರೆ ಪುಕ್ಕಟೆ ತೋರಿಸುತ್ತಿದ್ದೆ" ಎಂದರು. ನುವಾರ ಎಲಿಯದ ಬೆಟ್ಟಗಳನ್ನೂ ಇದೇ ಕಾರಣಕ್ಕೆ ಬಿಟ್ಟೆವು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಸಿಲೋನಿನ ಕಾಫಿಯನ್ನು ನಿರ್ನಾಮ ಮಾಡಿದ ಮೇಲೆ ಅಲ್ಲಿ ಚಹಾ ಬಂದ ಕತೆ ನಮಗೆ ಗೊತ್ತು. ಮಂಜು, ಗುಡ್ಡ, ತೋಟಗಳಿಗಾಗಿ ನಾವು ವಿಮಾನ ಹತ್ತಬೇಕಾಗಿಲ್ಲ.

ನಾವು ಉಳಿದದ್ದು ಪೇಟೆಯ ಉತ್ತರಕ್ಕಿರುವ ನಿಲಾವೇಲಿಯಲ್ಲಿ. ಅಗಲವಾದ, ಚಪ್ಪಟೆಯಾದ ಮರಳ ತೀರ. ಎದುರಿಗೆ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಪಾರಿವಾಳ ದ್ವೀಪ (ಪಿಜನ್ ಐಲ್ಯಾಂಡ್), 2003ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದು. ಪ್ರವೇಶ ಶುಲ್ಕ ಬೇರೆ, ದೋಣಿ ಬಾಡಿಗೆ ಬೇರೆ; ವಿದೇಶಿಯರ ದರ ಸ್ಥಳೀಯರ ದರಕ್ಕಿಂತ ಬಹಳ ಹೆಚ್ಚು. ಆದರೂ ನನ್ನ ಅಳತೆಗೋಲಿನಲ್ಲಿ ಈ ದ್ವೀಪ ಗೆದ್ದದ್ದು ಒಂದೇ ಕಾರಣಕ್ಕೆ: ಹವಳ ದಡದಿಂದ ಕೆಲವೇ ಮಾರು ದೂರದಲ್ಲಿ, ಎದೆಮಟ್ಟದ ನೀರಿನಲ್ಲೇ ಶುರುವಾಗುತ್ತದೆ. ಈಜು ಬಾರದವರೂ ಲೈಫ್ ಜಾಕೆಟ್ ತೊಟ್ಟು ಮುಖ ಬಾಗಿಸಿದರೆ ಸಾಕು. ನಮ್ಮ ಮನೆಯವರಿಗೆ ಅಡ್ಡಿಯಾದದ್ದು ಈಜಲ್ಲ, ಮೀಸೆ. ಮುಖವಾಡದ ರಬ್ಬರ್ ಅಂಚು ಮೇಲ್ದುಟಿಗೆ ಕೂಡುವುದಿಲ್ಲ, ಮೀಸೆಯ ಕೂದಲ ಸಂದಿಯಿಂದ ನೀರು ಜಿನುಗಿ ಮೂಗಿಗೆ ಬರುತ್ತದೆ. ದೋಣಿಯ ಹುಡುಗ ವ್ಯಾಸಲೀನ್ ಡಬ್ಬಿ ತೆಗೆದು, ಮೀಸೆಯ ಮೇಲೆ ದಪ್ಪಗೆ ಹಚ್ಚಿಸಿ, ಮುಖವಾಡವನ್ನು ಒತ್ತಿ ಕೂರಿಸಿದ; ನೀರು ನಿಂತಿತು. "ಅಕ್ಕಾ, ಬಯಪ್ಪಡಾದೀಂಗೊ" ಎಂದು ನನಗೇ ಧೈರ್ಯ ಹೇಳಿ ಅವರ ಕೈ ಹಿಡಿದು ಕರೆದೊಯ್ದ. ರೆಕ್ಕೆಯ ತುದಿ ಕಪ್ಪಾಗಿರುವ ಪುಟ್ಟ ಶಾರ್ಕೊಂದು ಅಡ್ಡ ಹಾದುಹೋದಾಗ ನೀರಿನೊಳಗಿಂದಲೇ ಅವರು ಕೂಗಿದ ಸದ್ದು ನಳಿಗೆಯಲ್ಲಿ ಗೊಗ್ಗರಾಗಿ ಕೇಳಿತು. ಆ ಶಾರ್ಕುಗಳು ಮನುಷ್ಯರನ್ನು ಕಂಡರೆ ತಾವೇ ದೂರ ಸರಿಯುತ್ತವೆ. ದಡದ ತುಂಬ ಹವಳದ ಚೂರುಗಳಿರುವುದರಿಂದ ಬರಿಗಾಲು ಆಗದು, ರಬ್ಬರ್ ಬೂಟು ಬೇಕು. ಬೂಟು ಇದೆಯೆಂದು ಬದುಕಿರುವ ಹವಳದ ಮೇಲೆ ನಿಲ್ಲುವವರನ್ನು ಅಲ್ಲಿ ಬೇಕಾದಷ್ಟು ಕಂಡೆ, ಹೇಳುವವರಿಲ್ಲ. ಬೆಳಿಗ್ಗೆ ಬೇಗ ಹೋದರೆ ನೀರೂ ತಿಳಿ, ಜನವೂ ಕಡಿಮೆ.

ಊಟದಲ್ಲೂ ಟ್ರಿಂಕೋಮಲಿಯದೇ ಮೇಲುಗೈ. ಒತ್ತು ಶಾವಿಗೆಯೂ ಕಾಯಿ ಸಂಬಲವೂ ನಮ್ಮ ನಾಲಿಗೆಗೆ ಹೊಸದಲ್ಲ. ತಮಿಳರ ಊರಾದ್ದರಿಂದ ಸೋಮವಾರದ ಸಸ್ಯಾಹಾರಕ್ಕೂ ಪರದಾಡಬೇಕಿಲ್ಲ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರಕ್ಕೂ ಹೆಚ್ಚು ರೂಪಾಯಿ ಸಿಗುವುದರಿಂದ ಕೈಯೂ ಅಷ್ಟು ಬಿಗಿಯೆನಿಸದು. ಹುಣ್ಣಿಮೆಯ ದಿನ ಮಾತ್ರ ದೇಶಾದ್ಯಂತ ಮದ್ಯ ಮಾರುವುದಿಲ್ಲ, ಪೆಗ್ಗಿನವರು ಪಂಚಾಂಗ ನೋಡಿ ಹೊರಡಲಿ. ಏಪ್ರಿಲ್ 13–14ರ ಸುತ್ತ ಸಿಂಹಳ ಮತ್ತು ತಮಿಳು ಹೊಸ ವರ್ಷವೆಂದು ಅಂಗಡಿಗಳು ಮುಚ್ಚಿರುತ್ತವೆ. ಥಾಯ್ಲೆಂಡಿನಲ್ಲಿ ಅದೇ ದಿನಗಳಲ್ಲಿ ಸಾಂಗ್‌ಕ್ರಾನ್, ಬೀದಿಯಲ್ಲಿ ನೀರೆರಚಾಟ.

ನಾಲ್ಕೇ ದಿನ ಬಿಡುವಿದ್ದು ರಸ್ತೆ ಪ್ರಯಾಣ ಮೈಗೆ ಒಗ್ಗದವರಿಗೆ ಮಾಫುಶಿಯನ್ನೇ ಹೇಳುತ್ತೇನೆ. ಅರೇಬಿಕಾ ಮಾತ್ರ ಬೆಳೆದು, ಕಣ ಖಾಲಿ ಮಾಡಿ ಫೆಬ್ರವರಿಯಲ್ಲಿ ಹೊರಡಬಲ್ಲ ಗಟ್ಟಿ ಮೈಕಟ್ಟಿನ ದಂಪತಿಗಳಿಗೆ ಕ್ರಾಬಿ. ನಾವಿಬ್ಬರೂ ಮತ್ತೆ ಹೋಗಲು ಒಪ್ಪಿರುವುದು ಟ್ರಿಂಕೋಮಲಿಗೆ. ಅಲ್ಲಿಗೆ ಹೋಗುವವರು ಸ್ಕೂಬಾ ಡೈವಿಂಗ್ ಮಾಡುವುದಿದ್ದರೆ ಅದನ್ನು ಮೊದಲ ದಿನಗಳಲ್ಲೇ ಮುಗಿಸಿಕೊಳ್ಳಬೇಕು. ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಸಲ ಇಳಿದಿದ್ದರೆ 18 ಗಂಟೆ ವಿಮಾನ ಹತ್ತಬಾರದು. ನುವಾರ ಎಲಿಯದಂಥ ಎತ್ತರದ ಊರಿಗೆ ಹೋಗುವುದಕ್ಕೂ ಅದೇ ಎಚ್ಚರಿಕೆ. ಕಡಲಿನ ಮೇಲೆ ಚಾಚಿದ ಬಂಡೆಯ ತುದಿಯ ಕೋಣೇಶ್ವರ ದೇವಸ್ಥಾನವನ್ನೂ ಕನ್ನಿಯಾದ ಏಳು ಬಿಸಿನೀರಿನ ಬಾವಿಗಳನ್ನೂ ಕೊನೆಯ ದಿನಕ್ಕೆ ಉಳಿಸಿಕೊಂಡರೆ ಆ ಹೊತ್ತು ವ್ಯರ್ಥವಾಗುವುದಿಲ್ಲ.