ಮೆಕ್ಕೆಜೋಳದ ಮಂಡಿಯ ಕೆಲಸಕ್ಕೆ ಝೇಪಿಯರ್, ಮೇಕ್, ಎನ್‌ಎಯ್ಟ್‌ಎನ್: ಒಂದು ಹೋಲಿಕೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿರುವ ಮೆಕ್ಕೆಜೋಳದ ಮಂಡಿಯೊಂದರ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಲಾರಿ ವೇಬ್ರಿಡ್ಜ್ ದಾಟಿದ ಮೇಲೆ ಆಗಬೇಕಾದ ಕೆಲಸಗಳು ಪ್ರತಿ ಲೋಡಿಗೂ ಒಂದೇ. ಗುಮಾಸ್ತರು ಲಾರಿ ನಂಬರು, ಚೀಲಗಳ ಸಂಖ್ಯೆ, ನಿವ್ವಳ ತೂಕ ಮತ್ತು ತೇವಾಂಶವನ್ನು ಗೂಗಲ್ ಫಾರ್ಮ್‌ನಲ್ಲಿ ತುಂಬುತ್ತಾರೆ. ಆ ಮಾಹಿತಿ ಮಾಲು ಕೊಂಡ ಕೋಳಿ ಆಹಾರದ ಕಾರ್ಖಾನೆಗೆ ಇಮೇಲ್ ಆಗಿ ಹೋಗಬೇಕು, ಹಣ ಬರಬೇಕಾದ ದಿನ ಕ್ಯಾಲೆಂಡರಿನಲ್ಲಿ ದಾಖಲಾಗಬೇಕು, ಸಾಹುಕಾರರ ಫೋನಿಗೆ ಟೆಲಿಗ್ರಾಂ ಸಂದೇಶ ತಲುಪಬೇಕು. ತೇವಾಂಶ ಶೇ 14 ಮೀರಿದ್ದರೆ ಸಂದೇಶದಲ್ಲಿ ಅದು ಎದ್ದು ಕಾಣಬೇಕು. ಇಂಥ ಕೆಲಸಗಳನ್ನು ಒಂದರ ಹಿಂದೆ ಒಂದರಂತೆ ತಾವಾಗಿಯೇ ನಡೆಸುವ ತಂತ್ರಾಂಶಗಳು ಝೇಪಿಯರ್, ಮೇಕ್ ಮತ್ತು ಎನ್‌ಎಯ್ಟ್‌ಎನ್ (n8n). ಈ ಕೆಲಸಗಳ ಸರಣಿಯನ್ನು ಮೂರರಲ್ಲೂ ಕಟ್ಟಿ ನೋಡಿದೆ.

ಕಲಿಯುವುದಕ್ಕೆ ಝೇಪಿಯರ್ ಎಲ್ಲಕ್ಕಿಂತ ಸುಲಭ. ಏನಾದಾಗ ಏನು ಮಾಡಬೇಕು ಎಂದು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಕಂಪ್ಯೂಟರಿನಲ್ಲಿ ಟ್ಯಾಲಿ ಬಿಟ್ಟು ಬೇರೇನೂ ಬಳಸದವರೂ ಒಂದು ಮಧ್ಯಾಹ್ನದಲ್ಲಿ ಮೊದಲ ಸರಣಿಯನ್ನು ಓಡಿಸಬಹುದು. ಆದರೆ ಉಚಿತ ಯೋಜನೆಯಲ್ಲಿ ತಿಂಗಳಿಗೆ ಸಿಗುವುದು 100 ಟಾಸ್ಕ್‌ಗಳು (ನಡೆದ ಒಂದೊಂದು ಕ್ರಿಯೆಯೂ ಒಂದು ಟಾಸ್ಕ್), ಅದೂ ಒಂದು ಪ್ರಚೋದಕಕ್ಕೆ, ಅಂದರೆ ಸರಣಿಯನ್ನು ಶುರು ಮಾಡುವ ಘಟನೆಗೆ, ಒಂದೇ ಕ್ರಿಯೆಯಂತೆ. ನಮ್ಮ ಸರಣಿಯಲ್ಲಿ ಮೂರು ಕ್ರಿಯೆಗಳಿರುವುದರಿಂದ ಹಣ ಕೊಡದೆ ಇದು ನಡೆಯುವುದಿಲ್ಲ. ಲಾರಿಯ ತೇವಾಂಶ ನೋಡಿ ದಾರಿ ಬೇರೆ ಮಾಡುವ ಕವಲಿನ ಸೌಲಭ್ಯವೂ ಹಣದ ಯೋಜನೆಯಲ್ಲಿಯೇ ಇದೆ.

ಮೇಕ್ ಹಿಂದೆ ಇಂಟಿಗ್ರೊಮ್ಯಾಟ್ ಎಂಬ ಹೆಸರಿನಲ್ಲಿತ್ತು, 2022ರಲ್ಲಿ ಹೆಸರು ಬದಲಾಯಿತು. ಹಳೆಯ ವಿಡಿಯೊ ಪಾಠಗಳನ್ನು ಹುಡುಕುವವರಿಗೆ ಆ ಹೆಸರು ಗೊತ್ತಿರುವುದು ಒಳ್ಳೆಯದು. ಇಲ್ಲಿ ಸರಣಿ ಪರದೆಯ ಮೇಲೆ ದುಂಡನೆಯ ಮಾಡ್ಯೂಲ್‌ಗಳ, ಅಂದರೆ ಒಂದೊಂದು ಹೆಜ್ಜೆಯ ಚಿಹ್ನೆಗಳ, ಸಾಲಾಗಿ ಕಾಣುತ್ತದೆ, ಒಂದೊಂದನ್ನೂ ಒತ್ತಿ ಒಳಗೆ ಬಂದ ಮಾಹಿತಿ ಯಾವುದು, ಹೊರಗೆ ಹೋದದ್ದು ಯಾವುದು ಎಂದು ನೋಡಬಹುದು. ಸಂದೇಶದ ಚೌಕದೊಳಗೇ ತೇವಾಂಶದ ಷರತ್ತನ್ನು ಬರೆಯಬಹುದಾದ್ದರಿಂದ ಕವಲಿನ ಅಗತ್ಯವೇ ಬೀಳಲಿಲ್ಲ. ಉಚಿತ ಯೋಜನೆಯಲ್ಲಿ ತಿಂಗಳಿಗೆ 1,000 ಕ್ರೆಡಿಟ್‌ಗಳಿವೆ. ಕೇಳಲು ಧಾರಾಳ ಅನಿಸುವ ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೂರೂ ಕಡೆ ಎಣಿಕೆಯ ಕ್ರಮವೇ ಬೇರೆ. ಝೇಪಿಯರ್ ಯಶಸ್ವಿಯಾದ ಕ್ರಿಯೆಗಳನ್ನು ಮಾತ್ರ ಎಣಿಸುತ್ತದೆ, ಪ್ರಚೋದಕಕ್ಕೆ ಲೆಕ್ಕವಿಲ್ಲ. ಮೇಕ್ ಪ್ರಚೋದಕವನ್ನೂ ಸೇರಿಸಿ ಓಡಿದ ಪ್ರತಿ ಮಾಡ್ಯೂಲಿಗೂ ಒಂದು ಕ್ರೆಡಿಟ್ ಎಣಿಸುತ್ತದೆ. ಎನ್‌ಎಯ್ಟ್‌ಎನ್‌ನ ಕ್ಲೌಡ್ ಯೋಜನೆಯಲ್ಲಿ (ಅವರ ಸರ್ವರಿನಲ್ಲೇ ಓಡಿಸುವುದು) ಸರಣಿ ಎಷ್ಟೇ ಉದ್ದವಿರಲಿ, ಇಡೀ ಓಟಕ್ಕೆ ಒಂದೇ ಎಣಿಕೆ. ದಿನಕ್ಕೆ ಹತ್ತು ಲಾರಿಯಂತೆ ತಿಂಗಳಿಗೆ 250 ಲೋಡ್ ಎಂದಿಟ್ಟುಕೊಂಡರೆ ಝೇಪಿಯರ್‌ನಲ್ಲಿ 750, ಮೇಕ್‌ನಲ್ಲಿ ಸರಿಯಾಗಿ 1,000, ಎನ್‌ಎಯ್ಟ್‌ಎನ್‌ನಲ್ಲಿ 250 ಖರ್ಚಾಗುತ್ತದೆ. ಮೇಕ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹೊಸ ಮಾಹಿತಿ ಬಂದಿದೆಯೇ ಎಂದು ಹದಿನೈದು ನಿಮಿಷಕ್ಕೊಮ್ಮೆ ಇಣುಕಿ ನೋಡುವಂತೆ ಇಟ್ಟರೆ, ಏನೂ ಸಿಗದಿದ್ದರೂ ಒಂದು ಕ್ರೆಡಿಟ್ ಹೋಗುತ್ತದೆ. ದಿನಕ್ಕೆ 96, ಮೂವತ್ತು ದಿನಕ್ಕೆ 2,880. ಅಂದರೆ ಒಂದೂ ಲಾರಿ ಬರದಿದ್ದರೂ ಹನ್ನೊಂದನೆಯ ದಿನಕ್ಕೆ ಉಚಿತ ಪಾಲು ಮುಗಿದಿರುತ್ತದೆ. ಇದಕ್ಕೆ ಪರಿಹಾರ ವೆಬ್‌ಹುಕ್, ಅಂದರೆ ಮಾಹಿತಿ ಬಂದೊಡನೆ ಅದನ್ನು ನೇರವಾಗಿ ಪಡೆಯುವ ಇಂಟರ್ನೆಟ್ ವಿಳಾಸ. ಫಾರ್ಮ್‌ಗೆ ಹೊಂದಿಕೊಂಡ ಶೀಟಿನಲ್ಲಿ ನಾಲ್ಕಾರು ಸಾಲಿನ ಆ್ಯಪ್ಸ್ ಸ್ಕ್ರಿಪ್ಟ್ (ಗೂಗಲ್ ಶೀಟಿನೊಳಗೇ ಬರೆಯುವ ಸಣ್ಣ ಪ್ರೋಗ್ರಾಂ) ಬರೆದು, ಗುಮಾಸ್ತರು ಸಲ್ಲಿಸಿದ ಕ್ಷಣದಲ್ಲಿ ಮಾಹಿತಿ ತಾನೇ ಮೇಕ್‌ಗೆ ಹೋಗುವಂತೆ ಮಾಡಿದರೆ ಸುಮ್ಮನೆ ಇಣುಕುವ ಖರ್ಚು ಉಳಿಯುತ್ತದೆ. ಮೇಕ್‌ನಲ್ಲಿ ವೆಬ್‌ಹುಕ್ ಉಚಿತ ಯೋಜನೆಯಲ್ಲಿಯೂ ಇದೆ, ಝೇಪಿಯರ್‌ನಲ್ಲಿ ಅದಕ್ಕೂ ಹಣ ಕೊಡಬೇಕು.

ಎನ್‌ಎಯ್ಟ್‌ಎನ್ ಅನ್ನು ಬಾಡಿಗೆಯ ಸರ್ವರ್ ಒಂದರಲ್ಲಿ ಡಾಕರ್ (ತಂತ್ರಾಂಶವನ್ನು ಸಿದ್ಧ ಪೊಟ್ಟಣವಾಗಿ ಓಡಿಸುವ ಸಾಧನ) ಮೂಲಕ ನಾವೇ ಸ್ಥಾಪಿಸಿಕೊಂಡರೆ ಓಟಗಳಿಗೆ ಮಿತಿಯೂ ಇಲ್ಲ, ಶುಲ್ಕವೂ ಇಲ್ಲ; ಸರ್ವರಿನ ಬಾಡಿಗೆ ಮಾತ್ರ. ಸಾಮರ್ಥ್ಯದಲ್ಲಿ ಇದು ಮೂರರಲ್ಲಿ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸರ್ವರಿನ ನವೀಕರಣ, ಬ್ಯಾಕಪ್, ಭದ್ರತೆ ಎಲ್ಲವೂ ನಮ್ಮ ತಲೆಯ ಮೇಲೆ ಬರುತ್ತವೆ. ಸಣ್ಣದೊಂದು ಉದಾಹರಣೆ ಹೇಳುವುದಾದರೆ, ಅದರ ಮೂಲ ಸಮಯವಲಯ ನ್ಯೂಯಾರ್ಕಿನದು. ಸೆಟ್ಟಿಂಗಿನಲ್ಲಿ ಏಷ್ಯಾ/ಕೋಲ್ಕತ್ತ ಎಂದು ಬದಲಿಸದಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟ ವಸೂಲಿಯ ನೆನಪೋಲೆ ಇಲ್ಲಿಯ ಕಾಲಮಾನಕ್ಕೆ ಸಂಜೆ ಆರೂವರೆಗೋ ಏಳೂವರೆಗೋ ಹೊರಡುತ್ತದೆ, ಆ ಹೊತ್ತಿಗೆ ಕಾರ್ಖಾನೆಯ ಅಕೌಂಟ್ಸ್ ವಿಭಾಗದವರು ಮನೆ ಸೇರಿರುತ್ತಾರೆ.

ಮಂಡಿಯಲ್ಲಿ ಎಲ್ಲರೂ ಕೇಳುವುದು ವಾಟ್ಸ್‌ಆ್ಯಪ್ ಬಗ್ಗೆ. ಯಾವ ತಂತ್ರಾಂಶವನ್ನು ಆರಿಸಿದರೂ, ವ್ಯವಹಾರದ ಕಡೆಯಿಂದ ಮೊದಲು ಕಳಿಸುವ ಸಂದೇಶಕ್ಕೆ ವಾಟ್ಸ್‌ಆ್ಯಪ್ ಸಂಸ್ಥೆ ಮುಂಚಿತವಾಗಿ ಒಪ್ಪಿದ ನಮೂನೆ ಬೇಕು, ಶುಲ್ಕವೂ ಉಂಟು. ತಾನಾಗಿ ಸಂದೇಶ ಕಳಿಸುವ ಟೆಲಿಗ್ರಾಂ ಖಾತೆಯಾದ ಬಾಟ್‌ಗೆ ಇವೆರಡೂ ಬೇಡವಾದ್ದರಿಂದ ಸಾಹುಕಾರರನ್ನು ಅದಕ್ಕೇ ಒಪ್ಪಿಸಿದೆ.

ಸದ್ಯಕ್ಕೆ ನಮ್ಮಲ್ಲಿ ಓಡುತ್ತಿರುವುದು ಮೇಕ್. ನಾನು ರಜೆಯಲ್ಲಿದ್ದಾಗ ಸರಣಿ ನಿಂತರೆ ಗುಮಾಸ್ತರೇ ಪರದೆಯಲ್ಲಿ ಯಾವ ಮಾಡ್ಯೂಲ್ ಮುಗ್ಗರಿಸಿದೆ ಎಂದು ನೋಡಿ ಫೋನಿನಲ್ಲಿ ಹೇಳಬಲ್ಲರು ಎಂಬುದು ನನಗೆ ಬೆಲೆಗಿಂತ ದೊಡ್ಡ ಕಾರಣವಾಯಿತು. ಅಕ್ಟೋಬರ್ ನಂತರ ಮುಂಗಾರಿನ ಮಾಲು ಒಂದೇ ಸಮನೆ ಬರತೊಡಗಿದಾಗ ಉಚಿತ ಪಾಲು ಸಾಲದು; ಆ ತಿಂಗಳುಗಳ ಮಟ್ಟಿಗೆ ಹಣದ ಯೋಜನೆಗೆ ಏರಿ, ಸುಗ್ಗಿ ಮುಗಿದ ಮೇಲೆ ಇಳಿಯುವುದು ನಮ್ಮ ಲೆಕ್ಕಾಚಾರ. ಸರ್ವರ್ ನೋಡಿಕೊಳ್ಳಬಲ್ಲ ಒಬ್ಬರು ಕಾಯಂ ಸಿಕ್ಕರೆ ಎನ್‌ಎಯ್ಟ್‌ಎನ್‌ಗೆ ಬದಲಾಯಿಸಲು ನಾನು ಸಿದ್ಧನಿದ್ದೇನೆ.