ಸೀವುಲ್ಫ್ ಬೇಕಾ, ವರ್ಜೀನಿಯಾ ಸಾಕಾ?

ಎರಡೂ ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿಗಳ ಮಾದರಿಗಳೇ. ಬರೀ ವಿನ್ಯಾಸ ನೋಡಿದರೆ ನನ್ನ ವೋಟು ಸೀವುಲ್ಫ್‌ಗೆ. ಎಂಟು ಟಾರ್ಪಿಡೊ ಕೊಳವೆ, ಸುಮಾರು 50 ಆಯುಧ ಹಿಡಿಸುವ ಹೊಟ್ಟೆ. ವರ್ಜೀನಿಯಾಕ್ಕೆ ಕೊಳವೆ ನಾಲ್ಕೇ. ಜೊತೆಗೆ ಅದರಿಂದ 12 ಟೊಮಾಹಾಕ್ ಕ್ಷಿಪಣಿಗಳನ್ನು ನೇರ ಮೇಲಕ್ಕೆ ಹಾರಿಸಬಹುದು.

ತಲೆನೋವು ಶುರುವಾಗುವುದು ಬಿಡಿಭಾಗದಲ್ಲಿ. ಸೀವುಲ್ಫ್ 29 ಕಟ್ಟುವ ಯೋಚನೆಯಿತ್ತು. ಶೀತಲ ಸಮರ ಮುಗಿಯಿತು, ಲೆಕ್ಕ ಮೂರಕ್ಕೇ ನಿಂತಿತು. ಮೂರೇ ಹಡಗಿಗೆ ಯಾರು ತಾನೇ ಬಿಡಿಭಾಗ ಮಾಡುತ್ತಾ ಕೂರುತ್ತಾರೆ, ಅಲ್ವಾ? 2021ರ ಅಕ್ಟೋಬರ್‌ನಲ್ಲಿ ಅವುಗಳಲ್ಲೊಂದಾದ ಕನೆಕ್ಟಿಕಟ್, ದಕ್ಷಿಣ ಚೀನಾ ಸಮುದ್ರದಲ್ಲಿ ನೀರೊಳಗಿನ ಬೆಟ್ಟಕ್ಕೆ ಗುದ್ದಿ ಮೂಗು ಜಜ್ಜಿಕೊಂಡಿತು. ರಿಪೇರಿ ವರ್ಷಗಟ್ಟಲೆ ಎಳೆಯಿತು.

ವರ್ಜೀನಿಯಾ ಇಪ್ಪತ್ತಕ್ಕೂ ಜಾಸ್ತಿ ಇವೆ, ಇನ್ನೂ ಕಟ್ಟುತ್ತಿದ್ದಾರೆ. ಅಲ್ಲೂ ಬಿಡಿಭಾಗ ಸಾಲದೆ ಒಂದರದ್ದು ಕಿತ್ತು ಇನ್ನೊಂದಕ್ಕೆ ಹಾಕಿದ್ದುಂಟು. ಆದರೆ ಕೀಳೋದಕ್ಕಾದರೂ ಇನ್ನೊಂದು ಇದೆಯಲ್ಲ! ಹಾಗಾಗಿ ನನ್ನ ಆಯ್ಕೆ ವರ್ಜೀನಿಯಾ.