ಟ್ರ್ಯಾಕ್ ಇರುವ ಸ್ಟೇರ್ ಚೇರ್: ಮುಂಬೈ ಆಂಬ್ಯುಲೆನ್ಸ್‌ನಲ್ಲಿ ಮೂರು ವರ್ಷ ಬಳಸಿದ ಮೇಲೆ

ನಮ್ಮ ಗಾಡಿ ನಿಲ್ಲುವುದು ವಡಾಲಾದಲ್ಲಿ. ನಾನು ವಿಜಯಪುರ ಕಡೆಯವನು, ಡ್ರೈವರಣ್ಣ ಕುಂದಾಪುರದವರು. ಪರೇಲ್, ಲಾಲ್‌ಬಾಗ್, ಶಿವಡಿ, ನಾಯ್‌ಗಾಂವ್ ಕಡೆಯ ಕರೆಗಳೇ ಜಾಸ್ತಿ. ಒಂದೊಂದು ಕೋಣೆಯ ಮನೆಗಳ ಸಾಲಿರುವ ಹಳೇ ಚಾಳ್‌ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ. ಕೊಳೆಗೇರಿಯವರಿಗೆ ಕಟ್ಟಿಕೊಟ್ಟ ಹೊಸ ಎಸ್‌ಆರ್‌ಎ ಕಟ್ಟಡಗಳಲ್ಲಿ ಲಿಫ್ಟ್ ಇದ್ದರೂ ಎಷ್ಟೋ ಕಡೆ ಸ್ಟ್ರೆಚರ್ ಅದರೊಳಗೆ ಹಿಡಿಸುವುದಿಲ್ಲ. ಮೊದಲು ಮನೆಯವರ ಪ್ಲಾಸ್ಟಿಕ್ ಕುರ್ಚಿಯಲ್ಲೋ ಬೆಡ್‌ಶೀಟ್‌ನಲ್ಲೋ ಹೊತ್ತು ಇಳಿಸುತ್ತಿದ್ದೆವು. ಹಾಗೆ ಹೊತ್ತೇ ಒಂದು ದಿನ ನನ್ನ ಸೊಂಟ ಹಿಡಿದುಕೊಂಡಿತು. ಹನ್ನೊಂದು ದಿನ ಏಳಲಾಗಲಿಲ್ಲ. ಆಮೇಲೆ ಮಾಲೀಕರು ಈ ಸ್ಟೇರ್ ಚೇರ್, ಅಂದರೆ ರೋಗಿಯನ್ನು ಕೂರಿಸಿ ಮೆಟ್ಟಿಲು ಇಳಿಸುವ ಕುರ್ಚಿ, ತರಿಸಿದರು. ಹೊಸ ಬೈಕ್ ಒಂದರಷ್ಟು ದುಡ್ಡಾಯಿತು.

ಕುರ್ಚಿಯ ಹಿಂದೆ ಎರಡು ರಬ್ಬರ್ ಪಟ್ಟಿಗಳಿವೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೆ ಆ ಪಟ್ಟಿಗಳು ಮೆಟ್ಟಿಲಿನ ಅಂಚುಗಳ ಮೇಲೆ ಕೂರುತ್ತವೆ, ನಿಧಾನವಾಗಿ ಉರುಳುತ್ತಾ ಇಳಿಯುತ್ತವೆ. ಭಾರ ಹೊರುವುದು ಮೆಟ್ಟಿಲು, ನಾವಲ್ಲ. ಮೇಲೆ ಒಬ್ಬರು ಹಿಡಿ ಹಿಡಿದಿರುತ್ತೇವೆ, ಕೆಳಗಿನವರು ರೋಗಿಗೆ ಮುಖ ಮಾಡಿ ದಾರಿ ತೋರಿಸುತ್ತಾ ಇಳಿಯುತ್ತಾರೆ. ಕೆಲಸಗಾರರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು: ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕೆಜಿಗಿಂತ ಜಾಸ್ತಿ ಭಾರ ಬೀಳಬಾರದು. ನಮ್ಮ ಖಾಲಿ ಕುರ್ಚಿಯೇ 15 ಕೆಜಿ ಇದೆ. ಇಬ್ಬರು ಸೇರಿ 80 ಕೆಜಿ ಹೊರುತ್ತಿದ್ದ ನಮ್ಮ ಬೆನ್ನಿನ ಗತಿ ಏನಾಗಿರಬೇಡ, ಯೋಚನೆ ಮಾಡಿ.

ಶಿವಡಿಯ ಒಂದು ಚಾಳ್ ನೆನಪಿದೆ. ಮೂರನೇ ಮಹಡಿ, ಮರದ ಮೆಟ್ಟಿಲು, ಒಂದೇ ಬಲ್ಬ್. ಅಜ್ಜಿಗೆ ಉಸಿರು ಕಟ್ಟುತ್ತಿತ್ತು, ಮಲಗಿಸಿದರೆ ಇನ್ನೂ ಜಾಸ್ತಿ. ಇಂಥವರಿಗೆ ಕೂತೇ ಇಳಿಯುವುದು ನೆಮ್ಮದಿ. ಎದೆ, ಸೊಂಟ, ಕಾಲು, ಮೂರೂ ಕಡೆ ಬೆಲ್ಟ್ ಹಾಕಿದೆವು. ‘ಹಾತ್ ಆತ್ ಠೇವಾ’, ಕೈ ಒಳಗಿಡಿ ಅಂತ ಮರಾಠಿಯಲ್ಲಿ ಹೇಳಿದೆ. ಎರಡನೇ ತಿರುವಿನಲ್ಲಿ ಅವರು ಗಾಬರಿಯಿಂದ ಕಟಾಂಜನ ಹಿಡಿದುಬಿಟ್ಟರು. ಕುರ್ಚಿ ಓರೆಯಾಯಿತು, ನನ್ನ ಮೊಣಕೈ ಗೋಡೆಗೆ ಉಜ್ಜಿತು. ಡ್ರೈವರಣ್ಣನಿಗೆ ನಾನು ಕನ್ನಡದಲ್ಲಿ ಕೂಗಿದ್ದು ಕೇಳಿ ಅಜ್ಜಿಯೂ ಕನ್ನಡದಲ್ಲೇ ಕೇಳಿದರು, ‘ಕೈ ಎಲ್ಲಿ ಇಡಲಿ ಮಗಾ?’ ಪಕ್ಕದ ಮನೆಯವರು ಒಂದು ಟವೆಲ್ ಕೊಟ್ಟರು. ಅದನ್ನು ಸುತ್ತಿ ಅವರ ಎರಡೂ ಕೈಗೆ ಕೊಟ್ಟೆ. ಕೆಳಗೆ ಬರುವ ತನಕ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವತ್ತಿನಿಂದ ಕುರ್ಚಿಯ ಜೊತೆ ಒಂದು ಟವೆಲ್ ಇಟ್ಟೇ ಇರುತ್ತೇವೆ. ಸುಮ್ನೆ ‘ಕೈ ಒಳಗಿಡಿ’ ಅಂದರೆ ಹೆದರಿದವರಿಗೆ ಆಗುವುದಿಲ್ಲ, ಹಿಡಿಯಲು ಏನಾದರೂ ಬೇಕು.

ಇನ್ನು ತೊಂದರೆಗಳು. ಮೆಟ್ಟಿಲಿನ ಅಂಚು ಒಡೆದಿದ್ದರೆ ಪಟ್ಟಿ ಜಗ್ಗುತ್ತದೆ. ಹಾಗಾಗಿ ಮೇಲೆ ಹತ್ತುವಾಗಲೇ ಒಬ್ಬರು ಟಾರ್ಚ್ ಹಾಕಿ ಪ್ರತಿ ಮೆಟ್ಟಿಲನ್ನೂ ನೋಡಿಕೊಳ್ಳುತ್ತೇವೆ. ಸುರುಳಿ ಮೆಟ್ಟಿಲಿನಲ್ಲಿ ಇದನ್ನು ಬಳಸಲೇಬೇಡಿ, ಒಳಗಿನ ಬದಿಯ ಪಟ್ಟಿಗೆ ಆಧಾರವೇ ಸಿಗುವುದಿಲ್ಲ. ಮಳೆಗಾಲದಲ್ಲಿ ಮೆಟ್ಟಿಲು ಒದ್ದೆಯಿದ್ದರೆ ರಬ್ಬರ್ ಜಾರುತ್ತದೆ, ಮೊದಲು ಒರೆಸಿಕೊಳ್ಳಬೇಕು. ಹಿಂದ್‌ಮಾತಾ ಕಡೆ ಮೊಣಕಾಲುದ್ದ ನೀರಿನಲ್ಲಿ ಎರಡು ಸಲ ತಳ್ಳಿದ್ದಕ್ಕೆ ಚಕ್ರದ ಬೇರಿಂಗ್ ತುಕ್ಕು ಹಿಡಿಯಿತು.

ನಾವೇ ಮಾಡಿದ ತಪ್ಪೂ ಒಂದಿದೆ. ಪ್ರತಿ ಕೇಸ್ ಆದ ಮೇಲೆ ಬ್ಲೀಚ್ ನೀರಿನಿಂದ ಒರೆಸಿ ಹಾಗೇ ಬಿಡುತ್ತಿದ್ದೆವು. ಆರೇಳು ತಿಂಗಳಿಗೆ ಅಲ್ಯೂಮಿನಿಯಂ ಕೀಲುಗಳ ಸುತ್ತ ಬಿಳಿ ಪುಡಿ ಕಟ್ಟಿತು. ಕುರ್ಚಿ ಮಡಚುವಾಗ ಲಾಕ್ ಬೀಳುತ್ತಲೇ ಇರಲಿಲ್ಲ. ಬ್ಲೀಚ್ ಲೋಹವನ್ನು ತಿನ್ನುತ್ತದೆ. ಈಗ ಬ್ಲೀಚ್ ಆದ ಮೇಲೆ ಸಾದಾ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಎರಡೇ ನಿಮಿಷದ ಕೆಲಸ.

ಒಂದು ವಿಷಯ ಮಾತ್ರ ಕೊಳ್ಳುವ ಮುಂಚೆ ಯಾರೂ ಹೇಳಿರಲಿಲ್ಲ. ಈ ಕುರ್ಚಿ ಇಳಿಯುವುದಕ್ಕೆ ಮಾತ್ರ. ನಮ್ಮಂಥ ಖಾಸಗಿ ಗಾಡಿಗಳಿಗೆ ಡಿಸ್ಚಾರ್ಜ್ ಆದವರನ್ನು ಮನೆ ಮುಟ್ಟಿಸುವ ಕೆಲಸವೂ ಬಹಳ ಬರುತ್ತದೆ, ಅಲ್ವಾ? ಅಲ್ಲಿ ಮೇಲೆ ಹತ್ತಿಸಬೇಕು. ಆಗ ಭಾರವೆಲ್ಲ ಮತ್ತೆ ಕೈಗೇ. ನಾಲ್ಕು ಜನ ಸಿಗುವ ತನಕ ನಾವು ಎತ್ತುವುದಿಲ್ಲ, ಮನೆಯವರು ಎಷ್ಟೇ ಅವಸರ ಮಾಡಲಿ. ಹತ್ತಿಸುವುದಕ್ಕೂ ಬ್ಯಾಟರಿ ಮೋಟಾರ್ ಇರುವ ಕುರ್ಚಿಗಳಿವೆ, ಅದು ನಮ್ಮ ಮಾಲೀಕರ ಕೈಗೆ ಎಟುಕಲಿಲ್ಲ.

ಬೆನ್ನುಮೂಳೆಗೆ ಪೆಟ್ಟಾಗಿರುವ ಅನುಮಾನವಿದ್ದರೆ, ತೊಡೆ ಮೂಳೆ ಮುರಿದಿದ್ದರೆ, ಪ್ರಜ್ಞೆ ಇಲ್ಲದಿದ್ದರೆ ಈ ಕುರ್ಚಿ ಬೇಡ. ಅದಕ್ಕೆ ಸ್ಕೂಪ್ ಸ್ಟ್ರೆಚರ್ ಇದೆ. ಉದ್ದಕ್ಕೆ ಎರಡು ಹೋಳಾಗುತ್ತದೆ, ಎರಡೂ ಕಡೆಯಿಂದ ರೋಗಿಯ ಕೆಳಗೆ ಸರಿಸಿ ತಲೆ ಮತ್ತು ಕಾಲಿನ ಬಳಿ ಲಾಕ್ ಮಾಡಿದರೆ ಆಯಿತು.

ಇಷ್ಟೆಲ್ಲ ಬರೆದರೂ, ನನ್ನ ಸೊಂಟವನ್ನು ದಿನಾ ಕಾಪಾಡಿದ್ದು ಕುರ್ಚಿಗಿಂತ ಒಂದು ನೈಲಾನ್ ಬಟ್ಟೆ. ಕುರ್ಚಿಯ ಜೊತೆ ತರಿಸಿದ ಸ್ಲೈಡ್ ಶೀಟ್ ಅದು. ಚೀಲದ ಹಾಗೆ ಹೊಲಿದಿರುತ್ತಾರೆ, ಒಳಗಿನ ಎರಡು ಪದರ ಒಂದರ ಮೇಲೊಂದು ಜಾರುತ್ತವೆ. ಮೆಟ್ಟಿಲಿನ ಕೇಸ್ ದಿನಕ್ಕೆ ಒಂದೋ ಎರಡೋ. ಆದರೆ ಹಾಸಿಗೆಯಿಂದ ಸ್ಟ್ರೆಚರ್‌ಗೆ, ಸ್ಟ್ರೆಚರ್‌ನಿಂದ ಆಸ್ಪತ್ರೆಯ ಟ್ರಾಲಿಗೆ ಅಂತ ಪ್ರತಿ ಕೇಸ್‌ನಲ್ಲೂ ಎರಡು ಸಲ ಎತ್ತುತ್ತಿದ್ದೆವು. ಈಗ ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ಶೀಟ್ ಸೇರಿಸುತ್ತೇವೆ. ಎರಡರ ಎತ್ತರ ಸಮ ಮಾಡಿ, ಬ್ರೇಕ್ ಹಾಕಿ ಎಳೆಯುತ್ತೇವೆ. ಎತ್ತುವ ಮಾತೇ ಇಲ್ಲ. ಒಂದು ಹರಿದಿದೆ, ಎರಡನೆಯದು ನಡೆಯುತ್ತಿದೆ. ದುಡ್ಡು ಕಡಿಮೆ ಇದ್ದರೆ ಮೊದಲು ಇದನ್ನೇ ತಗೊಳ್ಳಿ, ಕುರ್ಚಿ ಆಮೇಲೆ.

ಕುರ್ಚಿಯ ರಬ್ಬರ್ ಪಟ್ಟಿ ಎರಡನೇ ವರ್ಷಕ್ಕೇ ಸವೆದಿತ್ತು. ಮಾರಿದವರು ಹೊಸದನ್ನು ಕಳಿಸಲು ಎರಡೂವರೆ ತಿಂಗಳು ತೆಗೆದುಕೊಂಡರು. ಅಷ್ಟು ದಿನ ಮತ್ತೆ ಪ್ಲಾಸ್ಟಿಕ್ ಕುರ್ಚಿ, ಮತ್ತೆ ಸೊಂಟ ನೋವು. ನೀವು ಕೊಳ್ಳುವುದಾದರೆ ಬಿಲ್ ಮಾಡಿಸುವಾಗಲೇ ಒಂದು ಜೊತೆ ಪಟ್ಟಿಯನ್ನೂ ಸೇರಿಸಿ ಕೇಳಿ.